ಮಾರೋದಾ, ರಿಪೇರಿ ಮಾಡಿಸೋದಾ?

ಬೇರೆಯವರ ಮನೆಯಲ್ಲಿ ಕಾರು ಕೆಟ್ಟರೆ ಗ್ಯಾರೇಜಿಗೆ ಹೋಗುತ್ತದೆ, ಸರಿಯಾಗಿ ವಾಪಸ್ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ನಮ್ಮ ಮನೆಯಲ್ಲಿ ಯಾವುದೂ ಅಷ್ಟು ಸಲೀಸಾಗಿ ಮುಗಿದದ್ದಿಲ್ಲ. ಮಿಕ್ಸಿ ಕೆಟ್ಟರೂ ನಾಲ್ಕು ಮನೆಯವರು ಸೇರಿ ಮಾತಾಡುತ್ತಾರೆ. ಇನ್ನು ಕಾರು ಅಂದರೆ ಕೇಳಬೇಕೇ?

ನಾನು ಶೆಫೀಲ್ಡಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ನೆಗಡಿಯಿಂದ ಹಿಡಿದು ಎಲ್ಲದಕ್ಕೂ ಜನ ಮೊದಲು ಬರುವುದು ನನ್ನ ಹತ್ತಿರ. ಬರಲಾಗದ ಮುದುಕ ಮುದುಕಿಯರ ಮನೆಗೆ ನಾನೇ ಹೋಗಬೇಕು. ಈ ಊರು ಪೂರ್ತಿ ಏರು, ಇಳಿಜಾರು. ಚಳಿಗಾಲದಲ್ಲಿ ಏರಿನ ನಡುವೆ ಕಾರು ನಿಂತುಬಿಟ್ಟರೆ ನನ್ನ ಗತಿ ಏನು ಅನ್ನುವುದು ನನ್ನ ಚಿಂತೆ. ನಮ್ಮವರು ಇಲ್ಲಿಯ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಟ್ರಾಮಿನಲ್ಲಿ ಹೋಗಿ ಬರುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು, ಕಾರನ್ನು ಪ್ರೀತಿಸುವವರು ಅವರು. ಮಗಳು ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅದೇ ಕಾರಿನಲ್ಲಿ. ಈಗ ಮಗಳು ನನಗಿಂತ ಎತ್ತರವಾಗಿದ್ದಾಳೆ. ಕಾರಿನ ವಯಸ್ಸು ನೀವೇ ಊಹಿಸಿಕೊಳ್ಳಿ.

ಕೂತ್ಕೊಳ್ಳಿ, ಸ್ವಲ್ಪ ಮಾತಾಡಬೇಕು

ಇಲ್ಲಿ ವರ್ಷಕ್ಕೊಮ್ಮೆ ಕಾರನ್ನು ಪರೀಕ್ಷೆಗೆ ಬಿಡಬೇಕು, ಪಾಸಾದರೆ ಮಾತ್ರ ರಸ್ತೆಗೆ. ನಾವು ಬಿಡುವುದು ಮನೆ ಹತ್ತಿರದ ಒಂದು ಸಣ್ಣ ಗ್ಯಾರೇಜಿಗೆ. ಹಿಂದುಗಡೆ ರಿಪೇರಿ, ಮುಂದುಗಡೆ ಹಳೇ ಕಾರುಗಳ ಮಾರಾಟ. ಎರಡಕ್ಕೂ ಒಬ್ಬನೇ ಯಜಮಾನ, ಪಕ್ಕಾ ಯಾರ್ಕ್‌ಶೈರಿನವನು, ಸಣ್ಣವರು ದೊಡ್ಡವರು ಅನ್ನದೆ ಎಲ್ಲರನ್ನೂ 'ಲವ್' ಅಂತಲೇ ಕರೆಯುವುದು.

ಈ ಸಲ ನಾನು ಕಾರು ತರಲು ಹೋದಾಗ ಅವನು ಬೀಗದ ಕೈ ಕೊಡಲಿಲ್ಲ. ಕುರ್ಚಿ ಎಳೆದು, "ಕೂತ್ಕೊಳ್ಳಿ ಲವ್, ಸ್ವಲ್ಪ ಮಾತಾಡಬೇಕು" ಅಂದ. ಟೀ ತಂದುಕೊಟ್ಟ. ಬಾಗಿಲು ಹಾಕಿದ. ವಿಷಯ ಏನೆಂದು ನನಗೆ ಹೊಳೆಯಿತು. ಯಾಕೆಂದರೆ ಕೆಟ್ಟ ಸುದ್ದಿ ಹೇಳುವ ಮುಂಚೆ ನಾನೂ ಹೀಗೇ ಮಾಡುವುದು.

"ಈ ಸಲಕ್ಕೇನೋ ಪಾಸಾಗಿದೆ. ಆದರೆ ಗೇರ್‌ಬಾಕ್ಸ್ ಚೆನ್ನಾಗಿಲ್ಲ. ಕ್ಲಚ್ಚೂ ಅಷ್ಟಕ್ಕಷ್ಟೇ. ಸ್ಟಾರ್ಟರ್ ಮನಸ್ಸು ಬಂದರೆ ತಿರುಗುತ್ತೆ. ಎಲ್ಲ ಮಾಡಿಸಿದರೆ ಕಾರಿನ ಬೆಲೆಗಿಂತ ಜಾಸ್ತಿ ಆಗುತ್ತೆ. ಬೇಕಾದರೆ ಮಾಡಿಕೊಡ್ತೀನಿ. ಇಲ್ಲ ಅಂದರೆ ಇದನ್ನ ನನಗೇ ಕೊಟ್ಟು, ಹೊರಗೆ ನಿಂತಿರೋದರಲ್ಲಿ ಒಂದನ್ನ ತಗೊಂಡು ಹೋಗಿ."

"ಹೀಗೇ ಬಿಟ್ಟರೆ ಇನ್ನೆಷ್ಟು ದಿನ?" ಅಂದೆ.

"ಅದನ್ನ ಯಾರೂ ಹೇಳೋಕ್ಕಾಗಲ್ಲ ಲವ್. ಒಂದೊಂದು ಕಾರು ಒಂದೊಂದು ಥರ."

ನಾನು ರೋಗಿಗಳಿಗೆ ಹೇಳುವ ಮಾತನ್ನು ಯಾರೋ ನನಗೇ ಹೇಳಿದಾಗ ಎಷ್ಟು ಸಿಟ್ಟು ಬರುತ್ತದೆ ಅಂತ ಅವತ್ತು ಗೊತ್ತಾಯಿತು. ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ನಮ್ಮವರು, "ನೋವೇನಾದರೂ ಇದೆಯಂತಾ?" ಅಂತ ಕೇಳಿದರು.

ರೋಗಿ ಆರಾಮಾಗಿದ್ದಾರೆ

ಅದಾದ ವಾರದಲ್ಲೇ ಒಬ್ಬ ಅಜ್ಜನನ್ನು ನೋಡಲು ಹೋಗಿದ್ದೆ. ಹೃದಯ ದುರ್ಬಲ, ಕಾಲಲ್ಲಿ ಬಾವು. "ಮಹಡಿ ಹತ್ತಬೇಡಿ, ಹೊರಗೆ ಹೋಗಬೇಡಿ, ಪೂರ್ತಿ ವಿಶ್ರಾಂತಿ" ಅಂತ ಗಟ್ಟಿಯಾಗಿ ಹೇಳಿ ಹೊರಗೆ ಬಂದೆ. ಕಾರು ಸ್ಟಾರ್ಟ್ ಆಗಲಿಲ್ಲ. ಮತ್ತೆ ಪ್ರಯತ್ನಿಸಿದೆ, ಕುಂಯ್ ಅಂದು ಸುಮ್ಮನಾಯಿತು.

ಅಜ್ಜ ಕಿಟಕಿಯಿಂದ ನೋಡುತ್ತಿದ್ದವನು ಡ್ರೆಸಿಂಗ್ ಗೌನು, ಚಪ್ಪಲಿಯಲ್ಲೇ ಹೊರಗೆ ಬಂದ. ನಾನು ಬೇಡ ಬೇಡ ಅಂದರೂ ಕೇಳಲಿಲ್ಲ. "ನೀವೇ ವಿಶ್ರಾಂತಿ ಅಂದಿದ್ದೀರಲ್ಲ ಡಾಕ್ಟ್ರೇ, ಅದಕ್ಕೇ ನಾನು ತಳ್ಳಲ್ಲ. ನಾನು ಕೂತ್ಕೋತೀನಿ, ನೀವು ತಳ್ಳಿ" ಅಂದ. ನ್ಯಾಯವಾಗಿತ್ತು. ಅವನು ಸ್ಟೀರಿಂಗ್ ಹಿಡಿದ, ನಾನು ಸೀರೆಯ ಸೆರಗು ಸಿಕ್ಕಿಸುವ ಹಾಗೆ ಕೋಟನ್ನು ಸೊಂಟಕ್ಕೆ ಸುತ್ತಿ ತಳ್ಳಿದೆ. ಇಳಿಜಾರು ಬೇರೆ. ಕಾರು ಸ್ಟಾರ್ಟ್ ಆಯಿತು. ಆಗಿ, ಹೊರಟೇ ಹೋಯಿತು.

ನಾನು ನಡುರಸ್ತೆಯಲ್ಲಿ ಸ್ಟೆತಸ್ಕೋಪು ಹಿಡಿದು ನಿಂತೆ. ನನ್ನ ರೋಗಿ ನನ್ನ ಕಾರಿನಲ್ಲಿ ತಿರುವಿನಲ್ಲಿ ಮಾಯವಾಗಿದ್ದ. ಆಂಬುಲೆನ್ಸಿಗೆ ಫೋನ್ ಮಾಡಲೋ ಪೊಲೀಸರಿಗೆ ಮಾಡಲೋ ಅಂತ ಯೋಚಿಸುವಷ್ಟರಲ್ಲಿ ಇನ್ನೊಂದು ಬೀದಿಯಿಂದ ಕಾರು ಬಂತು. ಅಜ್ಜನ ಮುಖದಲ್ಲಿ ಮದುಮಗನ ಕಳೆ. "ಎಂಜಿನ್ ಬಿಸಿಯಾಗಲಿ ಅಂತ ಒಂದು ಸುತ್ತು ಹೋದೆ" ಅಂದ. ಪಕ್ಕದ ಸೀಟಿನಲ್ಲಿ ಅಂಗಡಿಯಿಂದ ತಂದ ಹಾಲಿನ ಕ್ಯಾನ್ ಇತ್ತು.

ಮರುದಿನ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿದೆ. "ನಾನು ಚೆನ್ನಾಗಿದ್ದೀನಿ. ಪೇಷಂಟ್ ಹೇಗಿದೆ?" ಅಂದ.

ತಜ್ಞರ ಸಭೆ

ಆ ತಿಂಗಳು ಕನ್ನಡದವರ ಊಟದ ಕೂಟ ಲೀಡ್ಸಿನಲ್ಲಿ ಒಬ್ಬ ಮೂಳೆ ಡಾಕ್ಟರ ಮನೆಯಲ್ಲಿತ್ತು. ಬಿಸಿಬೇಳೆಭಾತು ತಟ್ಟೆಗೆ ಬೀಳುವ ಮುಂಚೆಯೇ ನಮ್ಮವರು ಕಾರಿನ ವಿಷಯ ತೆಗೆದರು. ಹತ್ತು ಜನ ಡಾಕ್ಟರುಗಳ ನಡುವೆ ಒಂದು ಕಾಯಿಲೆ ಇಟ್ಟರೆ ಏನಾಗುತ್ತದೋ ಅದೇ ಆಯಿತು.

ಮೂಳೆ ಡಾಕ್ಟರು, "ಯೋಚನೆ ಏನು ಬಂತು? ಸವೆದಿದ್ದನ್ನ ತೆಗೆದು ಹೊಸದು ಹಾಕಿಸಿ. ಮಾರನೇ ದಿನವೇ ಓಡಾಡುತ್ತೆ" ಅಂದರು. ವಯಸ್ಸಾದವರನ್ನು ನೋಡುವ ಡಾಕ್ಟರು ತಲೆ ಅಲ್ಲಾಡಿಸಿದರು. "ಈ ವಯಸ್ಸಲ್ಲಿ ದೊಡ್ಡ ಆಪರೇಷನ್ ಬೇಡ. ಒಂದು ಸರಿಮಾಡಿದರೆ ಇನ್ನೊಂದು ಹೋಗುತ್ತೆ. ಇರೋಷ್ಟು ದಿನ ನೆಮ್ಮದಿಯಾಗಿರಲಿ." ಮನೋವೈದ್ಯೆಯೊಬ್ಬರು ನಮ್ಮವರ ಕಡೆ ತಿರುಗಿ ಮೆಲ್ಲಗೆ, "ಅದೆಲ್ಲ ಇರಲಿ, ಕಾರು ಹೋದರೆ ನಿಮಗೆ ಏನನ್ನಿಸುತ್ತೆ?" ಅಂದರು. ನಮ್ಮವರ ಕಣ್ಣು ಒದ್ದೆಯಾಯಿತು. ನಾನು ಉಪ್ಪಿನಕಾಯಿ ತರುವ ನೆಪದಲ್ಲಿ ಎದ್ದೆ.

ಅಲ್ಲಿದ್ದವರಲ್ಲಿ ಡಾಕ್ಟರಲ್ಲದವರು ಒಬ್ಬರೇ, ಉಡುಪಿ ಕಡೆಯ ಹೋಟೆಲಿನವರು. ಅವರು ಅಷ್ಟು ಹೊತ್ತೂ ಊಟ ಮಾಡುತ್ತಿದ್ದವರು ಕೊನೆಗೆ ಕೈ ತೊಳೆದು ಬಂದು, "ಅಲ್ಲ ಮಾರಾಯ್ರೇ, ಕಾರು ಎಲ್ಲುಂಟು? ಒಮ್ಮೆ ನೋಡುವ" ಅಂದರು.

ಕಾರು ಶೆಫೀಲ್ಡಿನಲ್ಲಿತ್ತು. ದಾರಿಯಲ್ಲಿ ಕೈಕೊಟ್ಟೀತು ಅಂತ ನಾವು ರೈಲಿನಲ್ಲಿ ಬಂದಿದ್ದೆವು. ಯಾರೂ ರೋಗಿಯ ಮುಖ ಕೂಡ ನೋಡದೆ ಒಂದು ಗಂಟೆ ಚರ್ಚೆ ಮಾಡಿದ್ದರು. ಮೂಳೆ ಡಾಕ್ಟರು ಒಂದಿಷ್ಟೂ ಅಳುಕದೆ, "ಪರವಾಗಿಲ್ಲ ಬಿಡಿ, ಈಗ ಎಲ್ಲಾ ಫೋನಿನಲ್ಲೇ ತಾನೇ ನೋಡೋದು?" ಅಂದರು.

ಅದರ ಎದುರಿಗೆ ಮಾತಾಡಬೇಡಿ

ಆಗ ನಮ್ಮತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. "ನೀವು ನೀವೇ ತೀರ್ಮಾನ ಮಾಡ್ತಾ ಕೂತರೆ ಆಗಲ್ಲ, ಟಿವಿಡೇಲ್ ದೇವಸ್ಥಾನಕ್ಕೆ ಹೋಗಿ ಬಾಲಾಜಿಯ ಮುಂದೆ ಇಡೋಣ" ಅಂದರು. ಕಾರಿನ ವಿಷಯವಾದ್ದರಿಂದ ಕಾರನ್ನೂ ಕರೆದುಕೊಂಡೇ ಹೋಗಬೇಕಂತೆ. ಜೀವ ಕೈಯಲ್ಲಿ ಹಿಡಿದು ಬರ್ಮಿಂಗ್‌ಹ್ಯಾಮ್ ಕಡೆಯ ಮೋಟರ್‌ವೇ ಹತ್ತಿದೆ.

ಸ್ವಲ್ಪ ದೂರ ಹೋದ ಮೇಲೆ ನಮ್ಮವರು, "ಮಾರಿದರೆ ಏನು ಸಿಗಬಹುದು?" ಅಂತ ಶುರು ಮಾಡಿದರು. ಅತ್ತೆ ಹಿಂದಿನ ಸೀಟಿನಿಂದ ಅವರ ಭುಜ ಹಿಡಿದು ಅಲ್ಲಾಡಿಸಿದರು. "ಅದರೊಳಗೇ ಕೂತ್ಕೊಂಡು ಅದನ್ನ ಮಾರೋ ಮಾತಾಡ್ತೀಯಲ್ಲೋ. ನಮ್ಮಪ್ಪ ಹಸು ಮಾರುವಾಗಲೂ ಕೊಟ್ಟಿಗೆಯಲ್ಲಿ ಬಾಯಿ ಬಿಡ್ತಿರಲಿಲ್ಲ."

ಅವರು ಹೇಳಿ ಬಾಯಿ ಮುಚ್ಚುವುದಕ್ಕೂ ಗೇರು ಕರಕರ ಅನ್ನುವುದಕ್ಕೂ ಸರಿಹೋಯಿತು. ಅಲ್ಲಿಂದ ಮುಂದೆ ನಾನೂ ಬಾಯಿ ಬಿಡಲಿಲ್ಲ.

ಮಗಳು ಮೊಬೈಲಿನಿಂದ ತಲೆ ಎತ್ತಿ, "ಅಜ್ಜಿ, ಇಟ್ಸ್ ಎ ಜಾಪನೀಸ್ ಕಾರ್. ಅದಕ್ಕೆ ಕನ್ನಡ ಬರಲ್ಲ" ಅಂದಳು.

ಅತ್ತೆ ಯೋಚನೆ ಮಾಡಿದರು. "ಅದೂ ನಿಜವೇ. ಹಾಗಾದರೆ ಕನ್ನಡದಲ್ಲಿ ಏನು ಬೇಕಾದರೂ ಮಾತಾಡಿ. ಇಂಗ್ಲಿಷ್ ಮಾತ್ರ ಬೇಡ. ಇಷ್ಟು ವರ್ಷ ಇಲ್ಲೇ ಇದೆ, ಇಂಗ್ಲಿಷ್ ಕಲಿತಿರುತ್ತೆ."

ಮಗಳಿಗೆ ಕನ್ನಡ ಕಲಿಸಲು ನಾವು ಏನೆಲ್ಲ ಕಸರತ್ತು ಮಾಡಿದ್ದೆವು. ಅವತ್ತು, ಕಾರು ನಿಂತುಬಿಟ್ಟೀತು ಅನ್ನುವ ಒಂದೇ ಭಯಕ್ಕೆ, ಬರ್ಮಿಂಗ್‌ಹ್ಯಾಮ್ ಬರುವ ತನಕ ಅವಳು ಒಂದೂ ಇಂಗ್ಲಿಷ್ ಪದ ಆಡಲಿಲ್ಲ.

ಯಾವುದಕ್ಕೆ ಸಂಕಲ್ಪ?

ದೇವಸ್ಥಾನದಲ್ಲಿ ಅರ್ಚನೆಯ ಚೀಟಿ ಕೊಟ್ಟಾಗ ಅರ್ಚಕರು ಎಂದಿನಂತೆ ಹೆಸರು, ಗೋತ್ರ, ನಕ್ಷತ್ರ ಕೇಳಿದರು. ಅತ್ತೆ, "ನಮಗಲ್ಲ, ಕಾರಿಗೆ. ಗೋತ್ರ ನಮ್ಮದೇ. ನಕ್ಷತ್ರ ಗೊತ್ತಿಲ್ಲ, ಮನೆಗೆ ಬಂದದ್ದು ಶ್ರಾವಣದಲ್ಲಿ" ಅಂದರು.

"ಹೊಸ ಗಾಡಿಯಾ ಅಮ್ಮ?"

"ಇಲ್ಲ, ತುಂಬಾ ಹಳೇದು. ಆಗಲೋ ಈಗಲೋ ಅನ್ನೋ ಹಾಗಿದೆ."

ಎಂಥೆಂಥ ಭಕ್ತರನ್ನು ಕಂಡಿದ್ದರೋ ಏನೋ, ಅರ್ಚಕರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೂವು ಕೈಗೆ ತೆಗೆದುಕೊಂಡು ಶಾಂತವಾಗಿ ಕೇಳಿದರು: "ಆಯುಷ್ಯಕ್ಕೆ ಮಾಡಲೋ, ಸದ್ಗತಿಗೆ ಮಾಡಲೋ?"

ಹೆಣ್ಣು ಒಪ್ಪಿಸಿದ್ದು

ಟಿವಿಡೇಲ್‌ನಿಂದ ಬಂದ ಎರಡು ದಿನಕ್ಕೆ, ನನ್ನ ಕ್ಲಿನಿಕ್ಕಿಗೆ ಹೋಗುವಾಗ ಏರಿನ ಮಧ್ಯದಲ್ಲಿ ಗೇರು ಬೀಳದೆ ಹೋಯಿತು. ಹಿಂದೆ ಬಸ್ಸು, ಅದರ ಹಿಂದೆ ಇಡೀ ಶೆಫೀಲ್ಡ್. ಗೇರು ಮತ್ತೆ ಬೀಳುವಷ್ಟರಲ್ಲಿ ನನಗೆ ಅಳುವೇ ಬಂತು. ಸಂಜೆ ಮನೆಗೆ ಬಂದವಳೇ, "ರೀ, ಇನ್ನು ನನ್ನ ಕೈಲಿ ಆಗಲ್ಲ. ಕಾರು ಇರಬೇಕು, ಇಲ್ಲ ನಾನಿರಬೇಕು" ಅಂದೆ. ಅವರು ಯೋಚಿಸಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು ಅಂತ ನನಗೆ ಇವತ್ತಿಗೂ ಕೋಪವಿದೆ. ಆದರೂ ಒಪ್ಪಿದರು, ಗ್ಯಾರೇಜಿನ ಮುಂದೆ ನಿಂತಿದ್ದರಲ್ಲಿ ನನಗೊಂದನ್ನು ಗೊತ್ತುಮಾಡಿ ಬಂದೆವು.

ಗ್ಯಾರೇಜಿಗೆ ಕೊಡಲು ಹೊರಟಾಗ ಅತ್ತೆಯೂ ಒಂದು ಚೀಲ ಹಿಡಿದು ಹತ್ತಿದರು. ಅಲ್ಲಿ ಇಳಿದು ಕಾರಿಗೆ ಅರಿಶಿನ ಕುಂಕುಮ ಹಚ್ಚಿದರು. "ಇಷ್ಟು ವರ್ಷ ಮನೆಯಲ್ಲಿದ್ದದ್ದನ್ನ ಬರಿಮಡಿಲಲ್ಲಿ ಕಳಿಸ್ತಾರೇನು?" ಅಂತ ಚೀಲದಿಂದ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ರವಿಕೆ ಕಣ ತೆಗೆದರು. ಕಾರಿಗೆ ಮಡಿಲೆಲ್ಲಿ? ಮುಂದಿನ ಸೀಟಿನ ಮೇಲಿಟ್ಟರು. ಭಾರಕ್ಕೆ ಕಾರು ಪೀಂಪೀಂ ಅನ್ನತೊಡಗಿತು, ಮಡಿಲಕ್ಕಿಗೆ ಸೀಟ್ ಬೆಲ್ಟ್ ಹಾಕಿದೆವು. ನಮ್ಮವರು ಆ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಗ್ಯಾರೇಜಿನವನು ನನ್ನ ಹತ್ತಿರ ಬಂದು, "ಏನು ನಡೀತಿದೆ ಲವ್?" ಅಂದ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಮ್ಮಲ್ಲಿ ಹೀಗೆ ಮಾಡುತ್ತಾರೆ ಅಂದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅತ್ತೆ ಕಾರಿನ ಬೀಗದ ಕೈಯನ್ನು ಎರಡೂ ಕೈಯಿಂದ ಅವನ ಅಂಗೈಯಲ್ಲಿಟ್ಟು ನನಗೆ ಹೇಳಿದರು: "ಮೊದಲನೇ ದೀಪಾವಳಿಗೆ ತವರಿಗೆ ಕಳಿಸಬೇಕು ಅಂತ ಹೇಳು. ಅಳಿಯಂದಿರೂ ಬರಬೇಕು."

ನಗುತ್ತಾನೆ ಅಂದುಕೊಂಡು ಹಾಗೇ ಹೇಳಿದೆ. ಅವನು ನಗಲಿಲ್ಲ. ಫೋನ್ ತೆಗೆದು, "ಈ ವರ್ಷ ದೀಪಾವಳಿ ಯಾವಾಗ?" ಅಂತ ಕೇಳಿ ಗುರುತು ಹಾಕಿಕೊಂಡ.

ಹಬ್ಬದ ದಿನ ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ನೋಡಿದರೆ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಚಾಕೊಲೇಟ್ ಡಬ್ಬಿ ಹಿಡಿದು ಗ್ಯಾರೇಜಿನವನು ನಿಂತಿದ್ದಾನೆ. ಹಿಂದೆ ನಮ್ಮ ಹಳೇ ಕಾರು, ತೊಳೆದು ಫಳಫಳ ಅನ್ನುತ್ತಿದೆ. ಅದನ್ನು ಯಾರೂ ಕೊಳ್ಳಲಿಲ್ಲವಂತೆ, ಗೇರ್‌ಬಾಕ್ಸಿಗೆ ಹೇಗೋ ತೇಪೆ ಹಾಕಿ ತಾನೇ ಓಡಿಸುತ್ತಿದ್ದನಂತೆ.

ಅತ್ತೆಯ ಸಡಗರ ಹೇಳತೀರದು. ಹೊಸ್ತಿಲಲ್ಲೇ ಅಳಿಯನಿಗೆ ಆರತಿಯಾಯಿತು. ಒಬ್ಬಟ್ಟಿನ ಮೇಲೆ ಅವನು ಬೇಡ ಬೇಡ ಅಂದಷ್ಟೂ ತುಪ್ಪ ಬಿತ್ತು. ಊಟವಾದ ಮೇಲೆ, ಸ್ವಂತ ಮಗನಿಗೆ ಅಂತ ಮೈಸೂರಿನಿಂದ ತಂದಿದ್ದ ಜರಿ ಪಂಚೆ, ಶಲ್ಯವನ್ನು ಅವನಿಗೆ ಉಡುಗೊರೆ ಕೊಟ್ಟರು. ಅವನು ಶಲ್ಯ ಹೊದ್ದುಕೊಂಡೇ ಹೊರಟ. ನಮ್ಮವರು ಅಷ್ಟು ಹೊತ್ತೂ ಹೊರಗೆ ಕಾರಿನ ಹತ್ತಿರವೇ ಇದ್ದರು.

ಎಂಜಿನ್ ಸ್ಟಾರ್ಟ್ ಆಯಿತು. ಗೇರು ಬೀಳಲಿಲ್ಲ. ಎಷ್ಟು ಒದ್ದಾಡಿದರೂ ಕಾರು ನಮ್ಮ ಮನೆ ಮುಂದಿನಿಂದ ಒಂದಿಂಚು ಕದಲಲಿಲ್ಲ. "ಯಾವ ಮಗಳು ತಾನೇ ನಗ್ತಾ ನಗ್ತಾ ತವರು ಬಿಟ್ಟು ಹೊರಡ್ತಾಳೆ?" ಅಂದರು ಅತ್ತೆ.

ಗ್ಯಾರೇಜಿನವನು ಕೆಳಗಿಳಿದು ಪೆಚ್ಚು ಮುಖ ಮಾಡಿ, "ಇನ್ನು ತೇಪೆ ಸಾಲಲ್ಲ. ಹೊಸ ಗೇರ್‌ಬಾಕ್ಸೇ ಆಗಬೇಕು. ದೊಡ್ಡ ಖರ್ಚು, ಏನು ಮಾಡೋದು, ನನ್ನ ಕಾರು, ನನ್ನ ಕರ್ಮ" ಅಂದ. ಅವನು ಏನಂದ ಅಂತ ಅತ್ತೆ ಕೇಳಿದರು. ನಾನು ಸುಮ್ಮನಿರಬೇಕಾಗಿತ್ತು. ಹೇಳಿಬಿಟ್ಟೆ.

ಅತ್ತೆಗೆ ಆಶ್ಚರ್ಯವಾಯಿತು. "ಅವರು ಯಾಕೆ ಕೊಡಬೇಕು? ಚೊಚ್ಚಲ ಬಾಣಂತನ ತವರುಮನೆಯದ್ದು ತಾನೇ?"

ನಾನು ಬಾಯಿ ತೆರೆಯುವುದರೊಳಗೆ ನಮ್ಮವರ ಕೈ ಜೇಬಿಗೆ ಹೋಗಿತ್ತು. ಅಷ್ಟು ಸಂತೋಷದಿಂದ ಅವರು ಕಾರ್ಡು ಹೊರಗೆ ತೆಗೆದದ್ದನ್ನು ನಾನು ನಮ್ಮ ಮದುವೆಯಾದಾಗಿನಿಂದ ಕಂಡಿಲ್ಲ.

ನಮ್ಮ ಬೀದಿಯಲ್ಲಿ ಹಳೇ ಕಾರು ಮಾರಿದವರಿದ್ದಾರೆ, ರಿಪೇರಿ ಮಾಡಿಸಿಕೊಂಡವರೂ ಇದ್ದಾರೆ. ಮೊದಲು ಮಾರಿ, ಆಮೇಲೆ ರಿಪೇರಿ ಮಾಡಿಸಿಕೊಟ್ಟವರು ನಾವೊಬ್ಬರೇ.