ಕಾಕಾನ ಡೂಪ್ಲಿಕೇಟ್ ಪೇಷಂಟ್

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಎಷ್ಟೋ ಹುಡುಗರನ್ನು ಮನೋವೈದ್ಯರನ್ನಾಗಿ ಮಾಡಿದರು. ನನ್ನೊಬ್ಬಳನ್ನು ಮಾತ್ರ ಪೇಷಂಟ್ ಮಾಡಿದರು. ಅದೂ ಡೂಪ್ಲಿಕೇಟ್ ಪೇಷಂಟ್!

ಅರವತ್ತರ ದಶಕದ ಕೊನೆ. ಈಗ ಸಂಭಾಜಿನಗರ ಎನ್ನುವ ಔರಂಗಾಬಾದಿನಲ್ಲಿ ಅವರು ಸೈಕಿಯಾಟ್ರಿ ಪ್ರೊಫೆಸರ್. ‘ಡಾಕ್ಟರಿಗೆ ಬೇಕಾದದ್ದು ಬಾಯಲ್ಲ, ಕಿವಿ’ ಎಂದು ಎರಡು ತಾಸು ಬಾಯಿ ಮುಚ್ಚದೆ ಪಾಠ ಹೇಳುತ್ತಿದ್ದರು! ಮನೆಯ ಸಂಗತಿಯಂತೂ ಕೇಳಲೇಬೇಡಿ. ಅವರ ಹೆಂಡತಿ ಕಾಕೂ “ಇಲ್ಲಿ ಕೇಳ್ರಿ, ಸೀಮಿಎಣ್ಣಿ...” ಎಂದು ಶುರುಮಾಡಿದರೆ ಆ ವಾಕ್ಯವನ್ನು ಕಾಕಾನೇ ಮುಗಿಸುತ್ತಿದ್ದರು, ಅದೂ ತಪ್ಪಾಗಿ.

“ನನ್ನ ಹೆಸರಿಲೂ ಒಂದು ಕೇಸ್ ಪೇಪರ್ ಮಾಡಸ್ರಿ,” ಎನ್ನುತ್ತಿದ್ದಳು ಕಾಕೂ. “ಆವಾಗರ ನನ್ನ ಮಾತು ಪೂರಾ ಕೇಳ್ತೀರೇನೋ!”

ಡಾಕ್ಟರು ಬಿಳಿ ಕೋಟು ಹಾಕಿಕೊಂಡರೆ ಕಾಕಾಗೆ ಆಗುತ್ತಿರಲಿಲ್ಲ. ಗುಣವಾದವರನ್ನು ಮನೆಗೆ ಮುಟ್ಟಿಸಲು ಜೂನಿಯರ್ ಡಾಕ್ಟರೇ ಬಸ್ಸಿನಲ್ಲಿ ಹೋಗಬೇಕು, ಅವರ ಚೀಲವನ್ನೂ ಹೊರಬೇಕು. ಒಮ್ಮೆ ಡ್ಯೂಟಿ ಮಾಡಿ ಮಾಡಿ ಗಡ್ಡ ಬೆಳೆದ ಡಾಕ್ಟರೊಬ್ಬ, ಗುಣವಾದ ಹೆಡ್‌ಮಾಸ್ತರರೊಬ್ಬರನ್ನು ನಾಶಿಕಕ್ಕೆ ಕರೆದುಕೊಂಡು ಹೊರಟ. ಆಸ್ಪತ್ರೆಯ ಚೀಟಿ ನೋಡಿದ ಕಂಡಕ್ಟರು ಇಸ್ತ್ರಿ ಧೋತರದ ಮಾಸ್ತರರಿಗೆ ಕೈಮುಗಿದು, “ಡಾಕ್ಟರ್‌ಸಾಹೇಬ್, ನಿಮ್ಮ ಪೇಷಂಟನ್ನ ಕಿಟಕಿ ಹತ್ತಿರ ಕೂಡಿಸಬ್ಯಾಡ್ರಿ” ಎಂದನಂತೆ. ಮಾಸ್ತರರು ಗಂಭೀರವಾಗಿ, “ಚಿಂತಿ ಮಾಡಬ್ಯಾಡ, ಈಗ ಭಾಳ ಸುಧಾರಿಸ್ಯಾನ” ಎಂದರಂತೆ! ಕಾಕಾಗೆ ಪರಮಾನಂದ. “ನೋಡ್ರಿ, ಡಿಸ್ಚಾರ್ಜ್ ಮಾಡಿದ್ದು ಬರೋಬ್ಬರಿ ಆತು!”

ನನಗಾಗ ಇಪ್ಪತ್ತಮೂರು. ಗಂಡ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್, ಮನೆ ನಾಶಿಕದಲ್ಲಿ. ಬಸಿರಿನ ಏಳನೇ ತಿಂಗಳಿಗೆ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಎತ್ತಿದರೆ ನಾನೆಲ್ಲಿ ಅಳುತ್ತೇನೋ ಎಂಬ ಹೆದರಿಕೆ. ನಾನೂ ಕಾನ್ವೆಂಟ್ ಸಿಸ್ಟರ್‌ಗಳ ಕೈಯಲ್ಲಿ ಪಳಗಿದವಳಲ್ಲವೇ? “ಐ ಆಮ್ ಫೈನ್” ಎನ್ನುತ್ತ ಮೂರು ತಿಂಗಳು ಒಂದು ಹನಿ ಕಣ್ಣೀರು ಹಾಕಲಿಲ್ಲ, ಒಂದು ತುತ್ತು ಸರಿಯಾಗಿ ಉಣ್ಣಲಿಲ್ಲ. ಹೀಗೇ ಬಿಟ್ಟರೆ ಇವಳೂ ಉಳಿಯಲಿಕ್ಕಿಲ್ಲ ಎಂದು ಹೆದರಿ ನನ್ನನ್ನು ಕಾಕಾನ ಮನೆಗೆ ಕಳಿಸಿದರು.

ಕಾಕಾ ಸಮಾಧಾನ ಹೇಳಿದರೇ? ಎಲ್ಲಿಯದು! “ಸಾಲ್ಯಾಗ ನಾಟಕಕ್ಕ ಪ್ರೈಜ್ ತಗೊಂಡಿದ್ದಿ ಹೌದಿಲ್ಲೋ? ನಮ್ಮ ಹುಡುಗರಿಗೆ ಪೇಷಂಟ್ ಆಗು. ಪ್ರಾಕ್ಟೀಸಿಗೆ ನಿನ್ನ ಕೇಸ್ ಬರಕೋತಾರ” ಎಂದರು. ತಾವು ಪರದೆಯ ಹಿಂದೆ ಕೂತು ಮಾರ್ಕ್ಸ್ ಹಾಕುವುದು.

ನಾನು ಜಮಾಯಿಸಿದೆ! ಒಂದು ದಿನ ದೌಲತಾಬಾದಿನ ರಾಣಿ, ಇನ್ನೊಂದು ದಿನ ಗಡಿಯಾರ ನುಂಗಿದವಳು. ಟೈ ಕಟ್ಟಿದ ಡಾಕ್ಟರೊಬ್ಬ ಕೇಳಬೇಕಾದದ್ದನ್ನೆಲ್ಲ ಕೇಳಿ, ನಾಲ್ಕು ಪುಟ ಬರೆದು, ಪರದೆಯತ್ತ ಹೆಮ್ಮೆಯಿಂದ ನೋಡಿದ.

“ಫೇಲ್!” ಒಳಗಿನಿಂದ ಗರ್ಜನೆ.

“ಯಾಕ್ರಿ ಸರ್?”

“ಅಕಿ ಕೈಯಾಗಿನ ಚಹಾ ಆರಿ ನೀರಾತು. ಒಂದು ಗುಟುಕು ಕುಡೀರಿ ಅಂತ ಅಂದಿಯೇನು?”

ಕೊನೆಗೆ ಬಂದವನು ಬೀದರ ಕಡೆಯ ಹೊಸ ಡಾಕ್ಟರು. ಕೂತವನೇ ಬೆವರಿದ. “ಅಕ್ಕಾರ, ಕೇಳೋದೆಲ್ಲ ಬಾಯಿಪಾಠ ಮಾಡ್ಕೊಂಡು ಬಂದಿದ್ದೆರಿ. ಈಗ ಒಂದೂ ನೆನಪಾಗವಲ್ದು” ಎಂದ. ಅಂದು ನಾನು ದೆವ್ವ ಹಿಡಿದವಳಾಗಬೇಕಿತ್ತು. ಪೂರ್ ಫೆಲೋ, ಬರೆಯಲು ಏನಾದರೂ ಸಿಗಲಿ ಎಂದು ಬಾಯಿ ತೆರೆದರೆ ಬಂದದ್ದು ಬೇರೆಯೇ.

“ಪಂಚವಟಿ ಪ್ಯಾಟ್ಯಾಗಿಂದ ತೊಟ್ಟಿಲಾ ತಂದಿದ್ವಿ. ನಾ ದವಾಖಾನಿಯಿಂದ ಬರೋದ್ರಾಗ ಅದು ಮನ್ಯಾಗ ಇರಲಿಲ್ಲ. ಎಲ್ಲಿಟ್ಟಾರಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಅವನು ಪೆನ್ನು ಕೆಳಗಿಟ್ಟ. “ಕೂಸಿಗೆ ಏನ್ ಹೆಸರಿಡಬೇಕಂತ ಮಾಡಿದ್ರಿ, ಅಕ್ಕಾರ?”

“ಗೋದಾ” ಎಂದೆ. ಮೂರು ತಿಂಗಳ ಅಳು ಒಮ್ಮೆಗೇ ಬಂತು.

ಪರದೆ ಸರಿಯಿತು. ಆ ಹುಡುಗ ಗಾಬರಿಯಿಂದ ಎದ್ದು ನಿಂತ. ಕಾಕಾ ಅವನತ್ತ ನೋಡಲೂ ಇಲ್ಲ. ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

“ನೀ ಬಂದ ದಿನಾನೇ ಕೇಳಬೇಕಂತ ಇದ್ದೆ, ನಮ್ಮವ್ವಾ. ಧೈರ್ಯ ಆಗಲಿಲ್ಲ. ಇನ್ನೊಮ್ಮೆ ಹೇಳು, ಏನಂದಿ ಹೆಸರು?”