ಮಾವನವರ ವಸಡು

ಬಾಯೊಳಗಿನ ವಿಷಯದಲ್ಲಿ ಹಿರಿಯರಿಗೆ ಬುದ್ಧಿ ಹೇಳಹೋದವನಿಗೆ ಶಿವನೇ ಗತಿ. ತೀರಿತು ಅನ್ನುವಷ್ಟರಲ್ಲಿ ನಮ್ಮಲ್ಲಿ ಆ ಪಾಡು ಮತ್ತೆ ಶುರುವಾಗುತ್ತದೆ. ನನ್ನ ಹೆಂಡತಿಯ ತಂದೆ ಯಲ್ಲದಕೆರೆಯಲ್ಲಿ ನಮ್ಮ ಪಕ್ಕದ ಮನೆಯವರೇ. ಕೊಬ್ಬರಿ ವ್ಯಾಪಾರ. ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂಬುದನ್ನು ಕಚ್ಚಿಯೇ ನೋಡುವವರು. ಇನ್ನೊಬ್ಬರ ಹಲ್ಲನ್ನು ನಂಬುವವರಲ್ಲ.

ಕುಂಕುಮ

ಒಮ್ಮೆ ಹಿರಿಯೂರು ಸಂತೆಯಲ್ಲಿ ಕೊಬ್ಬರಿ ಕಚ್ಚಿ, ಖರೀದಿಗೆ ಬಂದ ಸಾಹೇಬರ ಕೈಗಿತ್ತರು. ಕಚ್ಚಿದ ಅಂಚೆಲ್ಲ ಕೆಂಪು.

"ಏನ್ ಯಜಮಾನ್ರೆ, ಕೊಬ್ಬರಿಗೂ ಕುಂಕುಮ ಹಚ್ಚಿ ಪೂಜೆ ಮಾಡೀರೇನು?" ಎಂದರು ಸಾಹೇಬರು. ಮಾಲು ಮುಟ್ಟಲಿಲ್ಲ.

ದಾರಿಯಲ್ಲಿ ಕೇಳಿದೆ: "ವಸಡಿನಾಗೆ ರಕ್ತ ಯಾವಾಗಿಂದ ಬರ್ತೈತೆ, ಮಾವ?"

"ಮೊದಲು ಹಲ್ಲುಜ್ಜಿದ್ರೆ ಬರ್ತಿತ್ತಪ್ಪ. ಅದಕ್ಕೇ ಉಜ್ಜೋದು ಬಿಟ್ಟೆ. ಆದ್ರೂ ಬರ್ತೈತಲ್ಲ, ಇದಕ್ಕೇನಂತೀಯ!"

ಡಾಕ್ಟರು

ಬಲವಂತದಿಂದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಹಲ್ಲು ಅಲ್ಲಾಡಿಸಿ ನೋಡಿ, "ಹಲ್ಲು ಚೆನ್ನಾಗಿವೆ. ಬುಡದಲ್ಲಿ ಕೊಳೆ ಕಟ್ಟಿ ವಸಡು ಸಡಿಲವಾಗಿದೆ. ಹೀಗೇ ಬಿಟ್ಟರೆ ಒಂದೊಂದೇ ಉದುರುತ್ತವೆ. ಬೇವಿನ ಕಡ್ಡಿ ಮೆತ್ತಗೆ ಜಗಿದು ದಿನಾ ಉಜ್ಜಬೇಕು, ಉಪ್ಪುನೀರು ಮುಕ್ಕಳಿಸಬೇಕು, ಹೊಗೆಸೊಪ್ಪು ಬಿಡಬೇಕು" ಎಂದರು. ಆಮೇಲೆ, "ಊಟ ಅಗಿಯುವಾಗ ನೋಯುತ್ತದೆಯೇ?"

ಮಾವನವರು ನನ್ನ ಮುಖ ನೋಡಿದರು. "ಮುದ್ದೆ ಯಾರಾದ್ರೂ ಅಗೀತಾರೇನ್ರಿ? ಯಾವ ಸೀಮೆಯೋರು ನೀವು?"

ಉಪ್ಪು

ಉಪ್ಪುನೀರು ಶುರುವಾಯಿತು. ಅದರ ಜೊತೆಗೆ ಭೇದಿಯೂ ಶುರುವಾಯಿತು. ವಿಚಾರಿಸಿದರೆ, ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ನುಂಗುತ್ತಿದ್ದಾರೆ!

"ಉಗೀರಿ ಮಾವ!"

"ಉಪ್ಪು ನೆಲಕ್ಕೆ ಉಗಿಯೋದೇ? ತುಳಿದ್ರೂ ಪಾಪ ಸುತ್ಕೊಂತೈತೆ."

ತೆಂಗಿನ ಬುಡಕ್ಕೆ ಉಪ್ಪು ಹಾಕುವುದಿಲ್ಲವೇ, ಅಲ್ಲಿ ಉಗಿಯಿರಿ ಎಂದೆ. ಒಪ್ಪಿದರು. ಆದರೆ ಪ್ರತಿ ಬಾರಿ ಉಗಿದ ಮೇಲೂ ಮರಕ್ಕೆ ಕೈ ಮುಗಿಯುತ್ತಿದ್ದರು.

ಬೇವು

ಮಾವನವರ ಲೆಕ್ಕದಲ್ಲಿ ಬೇವು ಅಮ್ಮನ ಮರ; ಮಂಗಳವಾರ, ಶುಕ್ರವಾರ ಮುಟ್ಟುವಂತಿಲ್ಲ. ಸೋಮವಾರ ಶಿವನ ವಾರ. ಅಮಾವಾಸ್ಯೆ ಬಂದರೆ ಮುಗಿದೇ ಹೋಯಿತು. ಕೊನೆಗೆ ನಾನೇ ಹಿಂದಿನ ದಿನ ಕಡ್ಡಿ ಮುರಿದಿಟ್ಟು, ಬೆಳಿಗ್ಗೆ ಎದುರಿಗೆ ಕುಂತು, ಉಜ್ಜಿಸಿದ ಮೇಲೆಯೇ ಲಿಂಗಪೂಜೆಗೆ ಏಳುತ್ತಿದ್ದೆ. ಹೊಗೆಸೊಪ್ಪಿನ ಚೀಲವನ್ನು ಹೆಂಡತಿ ಬಚ್ಚಿಟ್ಟಳು. ಅವಳಿಗೆ ಬಿದ್ದ ಬೈಗುಳ ಬೇರೆ.

ಶಿವನ ದಯೆ, ವಸಡು ಗಟ್ಟಿಯಾಯಿತು. ಸಂತೆಯಲ್ಲಿ ಮಾವನವರು ಮತ್ತೆ ಕೊಬ್ಬರಿ ಕಚ್ಚಿ ಹಿಡಿದರು. ಅಂಚು ಹಾಲಿನಂತೆ ಬಿಳಿ. ಸಾಹೇಬರು ತಿರುಗಿಸಿ ನೋಡಿ, "ಇವತ್ತು ಪೂಜೆ ಇಲ್ಲೇನ್ರಿ?" ಎಂದು ನಗುತ್ತ ಮಾಲೆಲ್ಲ ಕೊಂಡರು. ಮಾವನವರ ಎದೆ ಉಬ್ಬಿತು. ನನ್ನದೂ.

ಮಾರನೆಯ ಬೆಳಿಗ್ಗೆ ಕಡ್ಡಿ ಹಿಡಿದು ಹೋದೆ. ಜಗಲಿಯ ಮೇಲೆ ನೆಮ್ಮದಿಯಾಗಿ ಕುಂತಿದ್ದವರು ಕೈಯಾಡಿಸಿದರು.

"ಅದನ್ನ ಆಚೆ ಬಿಸಾಕಪ್ಪ. ರಕ್ತ ನಿಂತೋತಲ್ಲ, ಇನ್ಯಾತಕ್ಕೆ ಉಜ್ಜೋದು?"