ಫಿಲ್ಮ್ ಡಬ್ಬಿಗೆ ಕುಂಕುಮ ಇಟ್ಟೆ

ಪೂಜೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿನಕುರಳಿಗೆ ಸೊಸೆಯಾಗಿ ಬಂದ ಮೇಲೆ ನಮ್ಮ ಮನೆಯ ನೇಗಿಲು, ಪಂಪ್‌ಸೆಟ್ಟು, ಟ್ರಾಕ್ಟರು ಎಲ್ಲಕ್ಕೂ ಮೊದಲ ಕುಂಕುಮ ಇಟ್ಟವಳು ನಾನೇ. ಒಂದೂ ಕೆಟ್ಟು ನಿಂತಿಲ್ಲ. ಓದಿದ್ದು ನಾಲ್ಕನೇ ಕ್ಲಾಸಾದರೂ ಅಷ್ಟು ತಿಳಿವಳಿಕೆ ನನಗಿದೆ ಅಂದುಕೊಂಡಿದ್ದೆ.

ನನ್ನ ತಮ್ಮ ಶಿವು ಸ್ನೇಹಿತರನ್ನು ಕಟ್ಟಿಕೊಂಡು ಒಂದು ಚಿಕ್ಕ ಸಿನಿಮಾ ತೆಗೆಯುತ್ತಿದ್ದ. ಫೈಟಿಲ್ಲ, ಹಾಡಿಲ್ಲ. ಹುಡುಗ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೆಲದೊಳಗಿನ ನೀರು ಹುಡುಕುವವನು. ಹುಡುಗಿ ಮೀಟರು ಹಿಡಿದು ಹುಡುಕುವವಳು. ಜಗಳ ಆಡುತ್ತಾ ಆಡುತ್ತಾ ಇಬ್ಬರಿಗೂ ಪ್ರೀತಿಯಾಗುತ್ತದೆ. ಕೊನೆಗೆ ಇಬ್ಬರೂ ಒಂದೇ ಜಾಗ ತೋರಿಸುತ್ತಾರೆ, ಅಲ್ಲಿ ನೀರು ಚಿಮ್ಮುತ್ತದೆ. ನಮ್ಮ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ ದಿನವೇ ಆ ನೀರು ಚಿಮ್ಮುವ ದೃಶ್ಯ ತೆಗೆದರು. ನೀರೂ ಬಂತು. ಬೋರು ಕೊರೆಯುವುದು ಒಂದೇ ಸಲ, ಅವರಿಗೆ ಸಿಕ್ಕ ಅವಕಾಶವೂ ಒಂದೇ.

ಮಾರನೆಯ ಬೆಳಗ್ಗೆ ಶಿವು ಒಂದು ತಗಡಿನ ಡಬ್ಬಿ ನನ್ನ ಕೈಗಿಟ್ಟ.

"ಅಕ್ಕ, ಇದ್ರೊಳ್ಗೇ ನಮ್ಮ ಕಡೇ ಸೀನಿರಾದು. ಬೆಂಗ್ಳೂರಿಗೆ ತಕ್ಕಂಡೋಗಿ ತೊಳುಸ್ಬೇಕು. ಮಧ್ಯಾನದ ಬಸ್ಸಿನ್ಗಂಟ ಜ್ವಾಪಾನ. ಒಲೆ ತಾವ ಇಡ್ಬ್ಯಾಡ, ನೀರು ತಾಕುಸ್ಬ್ಯಾಡ."

ಒಲೆ ಹೇಳಿದ, ನೀರು ಹೇಳಿದ. ಬಿಚ್ಚಬೇಡ ಅಂತ ಹೇಳಿದನೇ? ಇಲ್ಲ. ಡಬ್ಬಿಯ ಮೇಲೆ ಬರೆದಿತ್ತಂತೆ, ಇಂಗ್ಲಿಷಿನಲ್ಲಿ. ನಾಲ್ಕನೇ ಕ್ಲಾಸಿನವಳ ಕೈಗೆ ಕೊಡುವ ಡಬ್ಬಿಗೆ ಇಂಗ್ಲಿಷಿನಲ್ಲಿ ಬರೆದರೆ ತಪ್ಪು ಯಾರದು?

ಈ ಓದಿದವರು ಸಿನಿಮಾ ಶುರು ಮಾಡುವಾಗ ಒಂದು ಕಾಯಿ ಕೂಡ ಒಡೆದಿರಲಿಲ್ಲ. ನನಗೆ ಅದೇ ಉರಿ. ಅವತ್ತು ಶುಕ್ರವಾರ ಬೇರೆ. ಡಬ್ಬಿಯನ್ನು ತುಳಸಿಕಟ್ಟೆಯ ಮೇಲಿಟ್ಟು ಕುಂಕುಮ ಹಚ್ಚಿದೆ. ಆಮೇಲೆ ಯೋಚನೆ ಬಂತು. ಟ್ರಾಕ್ಟರಿಗೆ ಪೂಜೆ ಮಾಡುವಾಗ ಬಾನೆಟ್ಟು ಎತ್ತಿ ಇಂಜಿನ್ನಿಗೂ ಇಡುತ್ತೇವೆ. ಬರೀ ಮುಚ್ಚಳಕ್ಕೆ ಇಟ್ಟರೆ ಪೂಜೆ ತಗಡಿಗಾಯಿತೇ ಹೊರತು ಸಿನಿಮಾಕ್ಕಲ್ಲ. ಸುತ್ತಿದ್ದ ಟೇಪು ಕಿತ್ತೆ. ಒಳಗಿನ ಕಪ್ಪು ಚೀಲವನ್ನೂ ಬಿಚ್ಚಿದೆ.

ಸುರುಳಿಗೆ ಅರಿಸಿನ ಕುಂಕುಮ ಇಟ್ಟು, ಎರಡು ಮಾರು ಎಳೆದು ಬಿಸಿಲಿಗೆ ಹಿಡಿದೆ. ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾದ ಹಿಂದೆ ಬಿದ್ದ ತುಂಡುಗಳನ್ನು ಹಾಗೇ ಹಿಡಿದು ನೋಡುತ್ತಿದ್ದೆವು. ಉಗುರಿನಷ್ಟು ಹೀರೋ ಕಾಣುತ್ತಿದ್ದ. ಇದರಲ್ಲಿ ಹೀರೋನೂ ಇಲ್ಲ, ನೀರೂ ಇಲ್ಲ. ಕೊನೆಯವರೆಗೂ ಬಿಚ್ಚಿ ನೋಡಿದೆ. ಎಲ್ಲ ಖಾಲಿ.

ಕ್ಯಾಮೆರಾದ ಅನ್ವರ್ ನನ್ನ ತಮ್ಮನಿಗೆ ಮೋಸ ಮಾಡಿದ್ದಾನೆ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಫಿಲ್ಮನ್ನು ಮಂಕರಿಗೆ ತುಂಬಿಕೊಂಡು ಹೊರಟೆ. ಮನೆಯವರು ಬಾಗಿಲಲ್ಲೇ ತಡೆದರು.

"ಅದೇನಮ್ಮಿ ಅದು, ಹಾವಿನ ಪೊರೆ ಇದ್ದಂಗದೆ?"

"ನಿಮ್ಮ ಭಾಮೈದನ ಸಿನಿಮಾ. ಇದ್ರಲ್ಲಿ ಏನೂ ಇಲ್ಲ."

"ಅದ ನಾನು ಮೊದ್ಲೇ ಹೇಳಿರ್ನಿಲ್ವಾ?"

ಅರಳಿಕಟ್ಟೆಯ ಮೇಲೆ ಸಿನಿಮಾದವರೆಲ್ಲ ಉಪ್ಪಿಟ್ಟು ತಿನ್ನುತ್ತಿದ್ದರು. ಮಂಕರಿಯನ್ನು ಅನ್ವರ್ ಮುಂದೆ ಕುಕ್ಕಿದೆ.

"ಏನಪ್ಪ ಅನ್ವರು, ಮೂರು ದಿನದಿಂದ ನಮ್ಮನೆ ಮುದ್ದೆ ಉಂಡು ಬರೀ ಕ್ಯಾಮೆರಾ ತಿರುಗುಸ್ತಿದ್ಯಾ? ಇದ್ರಲ್ಲಿ ಒಂದು ನರಪಿಳ್ಳೆನೂ ಇಲ್ವಲ್ಲ?"

ಅವನು ತಟ್ಟೆ ಕೆಳಗಿಟ್ಟ. "ಯಾ ಅಲ್ಲಾ. ಬಿಸಿಲಲ್ಲಿ ಬಿಚ್ಚಿದ್ರಾ ಅಕ್ಕ?"

"ಕತ್ಲಲ್ಲಿ ಬಿಚ್ಚುದ್ರೆ ಕಂಡದಾ?"

"ಕತ್ಲಲ್ಲೇ ಬಿಚ್ಚಬೇಕು ಅಕ್ಕ. ತೊಳೆಯೋಕೆ ಮುಂಚೆ ಬೆಳಕು ಬಿದ್ರೆ ಎಲ್ಲಾ ಸುಟ್ಟೋದಂಗೆ."

ಶಿವು ಮಂಕರಿಗೆ ಕೈ ಹಾಕಿ ಕುಂಕುಮ ಒರೆಸುತ್ತಾ ಕೂತ, ಒರೆಸಿದರೆ ಸರಿಹೋಗುತ್ತದೆ ಅನ್ನುವ ಹಾಗೆ. ತಪ್ಪಾಯಿತು ಅನ್ನಬೇಕಾದ ಹೊತ್ತು ಅದು. ನನ್ನ ಬಾಯಿಂದ ಬಂದದ್ದು ಬೇರೆ.

"ಮೊದ್ಲೇ ಒಂದು ಕಾಯಿ ಒಡ್ದಿದ್ರೆ ಇದೆಲ್ಲ ಆಯ್ತಿತ್ತಾ?"

ವರ್ಷದ ಮೇಲೆ ಮೈಸೂರಿನ ಒಂದು ಹಾಲ್‌ನಲ್ಲಿ ಸಿನಿಮಾ ತೋರಿಸಿದರು. ಹುಡುಗ ಹುಡುಗಿ ಒಂದೇ ಜಾಗ ತೋರಿಸಿದರು, ಅಲ್ಲಿಗೇ ಮುಗಿದುಹೋಯಿತು. ಲೈಟು ಹಾಕಿದ ಮೇಲೆ ಕನ್ನಡಕದವರೊಬ್ಬರು ಎದ್ದರು.

"ಕೊನೆಗೆ ಅಲ್ಲಿ ನೀರು ಬಂತೋ ಇಲ್ಲವೋ?"

ಶಿವು ನೆಲ ನೋಡುತ್ತಾ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಬಂತು ಸ್ವಾಮಿ, ಎರಡಾಳುದ್ದ ಚಿಮ್ತು. ಇಬ್ರೂ ನೆಂದು ತೊಪ್ಪೆಯಾಗಿ ನಗ್ತಿದ್ರು. ನಾನೇ ಕಣ್ಣಾರ ಕಂಡಿವ್ನಿ."

"ಮತ್ತೆ ಅದನ್ನು ಯಾಕೆ ತೋರಿಸಲಿಲ್ಲ?"

ಇಡೀ ಹಾಲ್ ನನ್ನ ಕಡೆ ತಿರುಗಿತು. "ಅದ ಡೈರೆಕ್ಟ್ರನ್ನೇ ಕೇಳಿ ಸ್ವಾಮಿ," ಅಂದು ಕೂತುಬಿಟ್ಟೆ.

"ಫಿಲ್ಮು ಸಾಲಲಿಲ್ಲ ಸಾರ್," ಅಂದ ನನ್ನ ತಮ್ಮ.

ಎಲ್ಲ ತಿಳಿದವಳ ಹಾಗೆ ನಾನೂ ತಲೆಯಾಡಿಸಿದೆ.